10 ರೂಪಾಯಿಗೆ 7.47 ಬರುವ ಲೆಕ್ಕ

ಮೊಬೈಲ್ ಬ್ಯಾಲೆನ್ಸನ್ನು ನಮ್ಮ ಜನ ರೊಕ್ಕ ಅಂತ ಎಣಿಸುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ರೀಚಾರ್ಜ್ ಅಂಗಡಿ ಇಟ್ಟುಕೊಂಡು ಕೂತವನು ನಾನು, ದಿನಾ ನೋಡುತ್ತೇನೆ. 10 ರೂಪಾಯಿ ಟಾಪ್‌ಅಪ್ ಹಾಕಿಸಿದರೆ ಸಿಗುವ ಟಾಕ್‌ಟೈಮ್ 7.47. 100 ಹಾಕಿಸಿದರೆ 81.75. ಉಳಿದದ್ದು ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ. ಸಂತೆಯಲ್ಲಿ ಉಳ್ಳಾಗಡ್ಡಿಗೆ ಎರಡು ರೂಪಾಯಿ ಜಾಸ್ತಿ ಹೇಳಿದರೆ ಜಗಳಕ್ಕೆ ನಿಲ್ಲುವವರು ಇದರ ಬಗ್ಗೆ ಒಂದು ಮಾತೂ ಕೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಅಸಡ್ಡೆಯ ಮೇಲೆ ಒಂದು ಧಂದೆ ನಡೆದಿದೆ. ಅಲ್ಲಿ ಲೈಸೆನ್ಸ್ ಇದ್ದವರು ಆನ್‌ಲೈನ್ ಸ್ಲಾಟ್, ಅಂದರೆ ದುಡ್ಡು ಕಟ್ಟಿ ಚಕ್ರ ತಿರುಗಿಸುವ ಜೂಜು, ಆಡಿಸಬಹುದು. ಅಕ್ಕನ ಮಗ ಅಲ್ಲಿ ಓದುತ್ತಾನೆ, ರಜೆಗೆ ಬಂದಾಗ ತನ್ನ ರೂಮ್‌ಮೇಟ್ ಕಥೆ ಹೇಳಿದ. ಕಾರ್ಡ್ ಬೇಡ, ಬ್ಯಾಂಕ್ ಬೇಡ. ಫೋನ್ ನಂಬರ್ ಹಾಕಿ, ಮೆಸೇಜಿನಲ್ಲಿ ಬಂದ ಕೋಡ್ ಒತ್ತಿದರೆ ಆಟಕ್ಕೆ ದುಡ್ಡು ಜಮೆ. ಪ್ರೀಪೇಯ್ಡ್ ಆದರೆ ಬ್ಯಾಲೆನ್ಸಿನಲ್ಲಿ ಕಟ್ ಆಗುತ್ತದೆ, ಪೋಸ್ಟ್‌ಪೇಯ್ಡ್ ಆದರೆ ತಿಂಗಳ ಬಿಲ್ಲಿಗೆ ಸೇರುತ್ತದೆ. "ಮಾಮಾ, ರೊಕ್ಕ ಕೊಟ್ಟಂಗ ಅನಸೂದ ಇಲ್ಲಂತ ಅವಗ" ಅಂದ.

ನಾನು ಅಂಗಡಿಯವನು, ಮೊದಲು ಕೇಳಿದ್ದು ಕಮಿಷನ್. ಫೋನ್ ಕಂಪನಿಗೊಂದು ಪಾಲು, ನಡುವಿನ ಪೇಮೆಂಟ್ ಕಂಪನಿಗೊಂದು ಪಾಲು. ಕಾರ್ಡಿಗಿಂತ ಇದು ಎಷ್ಟೋ ದುಬಾರಿ. ಕೆಲವು ಸೈಟಿನವರು ತಾವೇ ಹೊರುತ್ತಾರೆ, ಕೆಲವರು ಆಡುವವನ ಮೇಲೆ ಹಾಕುತ್ತಾರೆ. 15% ಕಡಿದರೆ 10 ಪೌಂಡ್ ಹಾಕಿದವನಿಗೆ ಆಡಲು ಸಿಗುವುದು 8.50. ಅಲ್ಲಿ 25 ತುಂಬದ ಹುಡುಗರು ಒಂದು ಸಲಕ್ಕೆ 2 ಪೌಂಡಿಗಿಂತ ಜಾಸ್ತಿ ಕಟ್ಟುವಂತಿಲ್ಲ, 2025ರ ಮೇ ತಿಂಗಳಿಂದ ಈ ನಿಯಮ. ಒಂದು ಸಲ ತಿರುಗಿಸಲು ಕನಿಷ್ಠ ಎರಡೂವರೆ ಸೆಕೆಂಡ್ ಹಿಡಿಯಬೇಕು ಅಂತಲೂ ಇದೆ. ಹಾಗಾದರೆ 8.50 ಪೌಂಡಿಗೆ 2ರಂತೆ ನಾಲ್ಕು ಸಲ. ನಡುವೆ ಗೆಲ್ಲದಿದ್ದರೆ ಹತ್ತು ಸೆಕೆಂಡಿಗೆ ಆಟ ಖಲಾಸ್. ಮತ್ತೆ 10 ಹಾಕು, ಮತ್ತೆ 1.50 ಕಳೆ. ಗೆದ್ದರೆ? ದುಡ್ಡು ಬಂದ ದಾರಿಯಲ್ಲಿ ವಾಪಸ್ ಹೋಗುವುದಿಲ್ಲ, ಆಗ ಬ್ಯಾಂಕಿನಂಥ ಬೇರೆ ದಾರಿ ಬೇಕು. ಹಾಕುವಾಗ ಮಾತ್ರ ಫೋನ್ ಒಂದೇ ಸಾಕು!

ಬಹಳ ಕಡೆ ದಿನಕ್ಕೆ 30 ಪೌಂಡ್ ಮಿತಿ ಇದೆ ಅನ್ನುವುದು ಅವರ ಸಮರ್ಥನೆ. ಮಿತಿ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ.

ನನಗೆ ಕಸಿವಿಸಿ ಆಗುವುದು ಈ ಫೀ ನೋಡಿಯೂ ಅಲ್ಲ. ಜೂಜಿನ ಚಟ ಬಿಡಬೇಕು ಅನ್ನುವವರಿಗೆ ಅಲ್ಲಿನ ಹಲವು ಬ್ಯಾಂಕುಗಳು ಒಂದು ಬಟನ್ ಕೊಟ್ಟಿವೆ. ಒತ್ತಿದರೆ ಜೂಜಿನ ಸೈಟಿಗೆ ಕಾರ್ಡ್ ನಡೆಯುವುದಿಲ್ಲ. ಆದರೆ ಫೋನ್ ಬಿಲ್ಲಿನ ದಾರಿಯಲ್ಲಿ ಬ್ಯಾಂಕಿಗೆ ಕಾಣುವುದು ಬರೀ ಫೋನ್ ಕಂಪನಿಯ ಹೆಸರು. ಬಟನ್ ಒತ್ತಿಯೂ ಸುಮ್ನೆ. ಪಾಸ್‌ಬುಕ್ ನೋಡುವ ಹೆಂಡತಿಗೂ ಕಾಣುವುದು ಅಷ್ಟೇ. ಸಾಲದ ದುಡ್ಡಿನಲ್ಲಿ ಆಡಬಾರದು ಅಂತ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡ್ ನಿಲ್ಲಿಸಿದ ದೇಶ ಅದು. ಈಗ ಆಡಿ ತಿಂಗಳ ಕೊನೆಗೆ ಕಟ್ಟುವ ಪೋಸ್ಟ್‌ಪೇಯ್ಡ್ ಬಿಲ್ ಮತ್ತೇನು, ಉದ್ರಿ ಅಲ್ವಾ?

ಓಸಿ ಮಟ್ಕಾ ಮನೆ ಮುರಿದದ್ದನ್ನು ಈ ಊರು ಕಂಡಿದೆ, ಅದನ್ನು ನಾನು ಹೊಗಳುವುದಿಲ್ಲ. ಆದರೆ ಚೀಟಿ ಬರೆಸಲು ಓಣಿ ದಾಟಬೇಕಿತ್ತು, ಕಿಸೆಯಿಂದ ನೋಟು ತೆಗೆಯಬೇಕಿತ್ತು. ಯಾರಾದರೂ ನೋಡಿ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು. ಈಗ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಅದರ ದುಡ್ಡು ದಾಟಿಸಿಕೊಡುವವರಿಗೂ ಅಷ್ಟೇ. ಆಡುವವನಿಗೆ ಶಿಕ್ಷೆ ಇಲ್ಲ, ಅದು ನನಗೆ ಸರಿ ಅನಿಸಿತು. ಆದರೆ ಪ್ಲೇ ಸ್ಟೋರಿನಲ್ಲಿ ನಾಣ್ಯ ಕೊಂಡು ಆಡುವ ಸ್ಲಾಟ್ ಆಟಗಳಿವೆ. ಅದೇ ಚಕ್ರ, ಅದೇ ಸದ್ದು. ಎಷ್ಟು ಗೆದ್ದರೂ ಒಂದು ರೂಪಾಯಿ ಕೈಗೆ ಬರಲ್ಲ. ಮಗ ಆಡುತ್ತಾನೆ, ರೀಚಾರ್ಜ್ ಅಪ್ಪ ಮಾಡಿಸುತ್ತಾನೆ, ಬ್ಯಾಲೆನ್ಸ್ ಎಲ್ಲಿ ಹೋಯಿತು ಅಂತ ನನ್ನ ಕೌಂಟರಿಗೆ ಬಂದು ನನ್ನನ್ನೇ ಬೈಯುತ್ತಾನೆ. ಮೊದಲು ಕಾಲರ್ ಟ್ಯೂನಿಗೆ ಕಟ್ ಆದಾಗಲೂ ಬೈಸಿಕೊಂಡವನು ನಾನೇ. ಎರಡು ಸಲ ಒಪ್ಪಿಗೆ ಕೇಳಿಯೇ ಅಂಥದ್ದನ್ನು ಶುರು ಮಾಡಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಟ್ರಾಯ್ 2013ರಲ್ಲಿ ಹೇಳಿದ ಮೇಲೆ ಆ ಗಲಾಟೆ ಸ್ವಲ್ಪ ಇಳಿಯಿತು.

ಮನೆಯಲ್ಲಿ ಹುಡುಗರ ಕೈಯಲ್ಲಿ ನಿಮ್ಮ ಫೋನ್ ಇದ್ದರೆ ಪ್ಲೇ ಸ್ಟೋರ್ ತೆಗೆದು ಮೇಲಿನ ನಿಮ್ಮ ಫೋಟೊ ಒತ್ತಿ. 'ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್' ಒಳಗೆ 'ಬಜೆಟ್ ಆ್ಯಂಡ್ ಹಿಸ್ಟರಿ' ಇದೆ, ಕೊಂಡದ್ದೆಲ್ಲ ಅಲ್ಲಿ ಸಿಗುತ್ತದೆ. ಪ್ರತಿ ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ಸಿನಲ್ಲಿ ಮಾಡಿಡಿ. ತಿಳಿಯದಿದ್ದರೆ ಅಂಗಡಿಗೆ ಬರ್ರಿ, ಮಾಡಿಕೊಡುತ್ತೇನೆ, ಅದಕ್ಕೆ ಫೀ ಇಲ್ಲ.