ಪಕ್ಕದವರ ಬಂಡಿದಾರಿ ಹಾಯುವ ಜಮೀನು ಕೊಳ್ಳುವ ಮುಂಚೆ

ನೋಡಲು ಹೋದ ಹೊಲದ ನಡುವೆ ಗಾಲಿ ಜಾಡು ಕಂಡು 'ಇದೇನು?' ಎಂದು ಕೇಳಿದರೆ ಮಾರುವವರ ಉತ್ತರ ಬಹುತೇಕ ಒಂದೇ: "ಹಿಂದಿನ ಹೊಲದವರು ಓಡಾಡ್ತಾರೆ, ನಾವೇ ಬಿಟ್ಟಿರೋದು. ನೀವು ಬೇಲಿ ಹಾಕ್ಕೊಂಡ್ರೆ ಮುಗೀತು." ಈ ಒಂದು ಮಾತು ನಂಬಿ ಅಡ್ವಾನ್ಸ್ ಕೊಟ್ಟವರು ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ದಾರಿ ಇದೆ ಅನ್ನುವ ಕಾರಣಕ್ಕೆ ಒಳ್ಳೆಯ ಜಮೀನು ಬಿಡಬೇಕಿಲ್ಲ. ಆದರೆ ಆ ದಾರಿ ಬರೀ ಬಾಯಿಮಾತಿನಲ್ಲಿದ್ದರೆ, ಅದು ಕಾಗದಕ್ಕೆ ಇಳಿಯುವವರೆಗೆ ಹಣ ಕೈಬಿಡಬೇಡಿ. ನನ್ನ ಅಭಿಪ್ರಾಯ ಇಷ್ಟೇ, ಇದರಲ್ಲಿ ರಾಜಿ ಇಲ್ಲ.

ಮೊದಲು ಅದು ಯಾವ ಬಗೆಯ ದಾರಿ ಎಂದು ತಿಳಿಯಬೇಕು. ನಕಾಶೆ ದಾರಿಯಾದರೆ ಗ್ರಾಮ ನಕ್ಷೆಯಲ್ಲೇ ತುಂಡುಗೆರೆಯಲ್ಲಿ ಕಾಣುತ್ತದೆ: ಒಂಟಿ ಗೆರೆ ಕಾಲುದಾರಿ, ಜೋಡಿ ಗೆರೆ ಬಂಡಿದಾರಿ. ಅದು ಸಾರ್ವಜನಿಕರದು, ಮುಚ್ಚುವ ಪ್ರಶ್ನೆಯೇ ಇಲ್ಲ. ಅದರ ವಿಸ್ತೀರ್ಣವನ್ನು ಪಹಣಿಯಲ್ಲಿ 'ಬಿ' ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸೇರದ ನೆಲ) ಎಂದು ಕಳೆದಿದ್ದರೆ, ಖರಾಬು ಸೇರಿಸಿ ಎಕರೆ ಲೆಕ್ಕ ಹೇಳುತ್ತಿದ್ದಾರೆಯೇ ಎಂದು ನೋಡಿಕೊಳ್ಳಿ.

ನಿಜವಾದ ತೊಡಕು ನಕ್ಷೆಯಲ್ಲಿಲ್ಲದ ದಾರಿಯದು. ಇಲ್ಲಿ ಅನ್ವಯವಾಗುವುದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ. ಈಸ್‌ಮೆಂಟ್ ಅಂದರೆ ತನ್ನ ಜಮೀನಿನ ಅನುಕೂಲಕ್ಕೆ ಇನ್ನೊಬ್ಬರ ಜಮೀನನ್ನು ಬಳಸುವ ಹಕ್ಕು. ಒಂದೇ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗಿಯೋ ಮಾರಾಟದಿಂದಲೋ ತುಂಡಾಗಿ, ಹಿಂದಿನ ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಪತ್ರದಲ್ಲಿ ಬರೆಯದಿದ್ದರೂ 13ನೇ ಕಲಮಿನಡಿ ಅವರಿಗೆ ದಾರಿ ಹಕ್ಕು ಇರುತ್ತದೆ. ಇದು ಅಗತ್ಯದ ದಾರಿ. ಬೇರೆ ದಾರಿ ಸುತ್ತಾಗುತ್ತದೆ ಅನ್ನುವುದು ಇದಕ್ಕೆ ಸಾಲದು, ಬೇರೆ ದಾರಿ ಇರಲೇಬಾರದು. ಆ ಅಗತ್ಯ ತೀರಿದ ದಿನ ಹಕ್ಕೂ ತೀರುತ್ತದೆ (41ನೇ ಕಲಮು). ಹಾಗಾಗಿ ಹಿಂದಿನ ಹೊಲಕ್ಕೆ ಇನ್ನೊಂದು ಬದಿಯಿಂದ ಹೊಸ ರಸ್ತೆ ಬಂದಿದೆಯೇ ಎಂದು ಕಣ್ಣಾರೆ ನೋಡಿ ಬನ್ನಿ.

ಇನ್ನೊಂದು ರೂಢಿ ದಾರಿ. ಯಾರದೂ ಅಡ್ಡಿಯಿಲ್ಲದೆ, ಎಲ್ಲರಿಗೂ ಕಾಣುವಂತೆ, ತನ್ನ ಹಕ್ಕು ಎಂದೇ 20 ವರ್ಷ ಓಡಾಡಿದ್ದರೆ 15ನೇ ಕಲಮಿನಡಿ ಅದು ಹಕ್ಕಾಗಿ ನಿಲ್ಲುತ್ತದೆ. ಅವರ ಅಪ್ಪ ಓಡಾಡಿದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ನಡುವೆ ಯಾರೋ ಒಂದು ತಿಂಗಳು ಮುಳ್ಳುಬೇಲಿ ಹಾಕಿದ್ದರೆಂದು ಲೆಕ್ಕ ತಪ್ಪುವುದಿಲ್ಲ. ಅಡ್ಡಿ ಇದೆಯೆಂದು ಗೊತ್ತಾದ ಮೇಲೂ ಅವರು ಒಂದು ವರ್ಷ ಅದನ್ನು ಸಹಿಸಿಕೊಂಡಿದ್ದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಅಡ್ಡಿ.

ಮಾರುವವರು ಹೇಳುವ 'ನಾವೇ ಬಿಟ್ಟಿರೋದು' ನಿಜವಾಗಿದ್ದರೆ ಅದು ಬರೀ ಅನುಮತಿ. ಜಮೀನು ಕೈ ಬದಲಾದಾಗ ಹೊಸ ಮಾಲೀಕ ಅಂಥ ಅನುಮತಿಗೆ ಬದ್ಧನಲ್ಲ ಎಂದು 59ನೇ ಕಲಮು ಹೇಳುತ್ತದೆ. ಆದರೆ ಇದನ್ನು ಮಾರುವವರ ಬಾಯಿಂದ ಕೇಳಿ ತೀರ್ಮಾನಿಸಬಾರದು. ಅದೇ ದಾರಿಯನ್ನು ಪಕ್ಕದವರು 'ನಮ್ಮ ತಾತನ ಕಾಲದ್ದು' ಅನ್ನಬಹುದು, ಅದನ್ನು ಸಾಬೀತು ಮಾಡುವ ಸಾಕ್ಷಿಗಳು ಊರಲ್ಲೇ ಇರುತ್ತಾರೆ. ಅಡ್ವಾನ್ಸಿಗೆ ಮುಂಚೆ ನೀವೇ ಹೋಗಿ ಅವರ ಜಗುಲಿಯ ಮೇಲೆ ಕೂತು ಕೇಳಿ. ಮಾರುವವರು ಅದಕ್ಕೆ ಅಡ್ಡ ಬಂದರೆ ಅಲ್ಲೇ ಉತ್ತರ ಸಿಕ್ಕಿತು.

ಇನ್ನು ದಾಖಲೆ. ಪಹಣಿಯ 11ನೇ ಕಾಲಂನಲ್ಲಿ ಇತರೆ ಹಕ್ಕು ಮತ್ತು ಋಣ ನಮೂದಿಸಲು ಜಾಗವಿದೆ, ದಾರಿ ಹಕ್ಕು ಅಲ್ಲಿ ಕಾಣುವುದು ಅಪರೂಪ. ಇಸಿ (ಋಣಭಾರ ಪ್ರಮಾಣಪತ್ರ) ನೋಡಿ 'ಕ್ಲಿಯರ್ ಇದೆ' ಅನ್ನುವವರಿಗೆ ಒಂದು ಮಾತು: ಇಸಿಯಲ್ಲಿ ಬರುವುದು ನೋಂದಾಯಿತ ಪತ್ರಗಳು ಮಾತ್ರ. ರೂಢಿ ದಾರಿ, ಅಗತ್ಯದ ದಾರಿ ಅದರಲ್ಲಿ ಇರುವುದೇ ಇಲ್ಲ.

ಬಹಳ ಜನ ಮಾಡುವ ತಪ್ಪು, ಕೊಳ್ಳುವ ಸರ್ವೆ ನಂಬರಿನ ಪತ್ರಗಳನ್ನಷ್ಟೇ ತೆಗೆಸುವುದು. ದಾರಿಯ ಲಾಭ ಇರುವುದು ಹಿಂದಿನ ಹೊಲಕ್ಕೆ, ಆದ್ದರಿಂದ ಅದನ್ನು ಬರೆಸಿಕೊಂಡಿರುವವರೂ ಅವರೇ. ಅವರ ಸರ್ವೆ ನಂಬರಿಗೂ ಇಸಿ ತೆಗೆಸಿ. ಕ್ರಯಪತ್ರ, ಪಾಲುಪಟ್ಟಿಗಳ ನಕಲು ಪಡೆದು ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ ವಿವರ) ಸಾಲುಸಾಲಾಗಿ ಓದಿ. 'ಪೂರ್ವಕ್ಕೆ ಬಂಡಿದಾರಿ', 'ಹೋಗಿಬರುವ ದಾರಿ ಸಹಿತ' ಎಂಬ ಎರಡು ಪದ ನಿಮ್ಮ ಪತ್ರದಲ್ಲಿ ಇಲ್ಲದೆ ಅವರ ಪತ್ರದಲ್ಲಿ ಸಿಗುವುದು ತೀರಾ ಸಾಮಾನ್ಯ. 'ನನಗೆ ಹೇಳಿರಲಿಲ್ಲ' ಎಂದು ಆಮೇಲೆ ಮಾರಿದವರ ಮೇಲೆ ಹೋಗುವುದೂ ಕಷ್ಟ: ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೆ ಕಾಣುವ ದೋಷವನ್ನು ಮಾರುವವರು ಬಾಯಿಬಿಟ್ಟು ಹೇಳಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆ ಕೇಳುವುದಿಲ್ಲ. ಗಾಲಿ ಜಾಡು ಎಲ್ಲರ ಕಣ್ಣಿಗೂ ಕಾಣುವಂಥದ್ದು.

ದಾರಿ ತಿನ್ನುವ ನೆಲದ ಲೆಕ್ಕ ಹಾಕಿ. ಒಂದು ಗುಂಟೆಗೆ 1,089 ಚದರಡಿ. 660 ಅಡಿ ಉದ್ದ, 132 ಅಡಿ ಅಗಲದ ಹೊಲ ಸರಿಯಾಗಿ 2 ಎಕರೆ. ಅದರ ಉದ್ದಕ್ಕೂ 12 ಅಡಿ ದಾರಿ ಹೋದರೆ 7,920 ಚದರಡಿ, ಅಂದರೆ ಏಳೂ ಕಾಲು ಗುಂಟೆ. 20 ಅಡಿಯಾದರೆ 12 ಗುಂಟೆ ದಾಟುತ್ತದೆ. ಬೆಲೆ ಮಾತಾಡುವಾಗ ಈ ಗುಂಟೆಗಳನ್ನು ಬೇರೆ ಇಟ್ಟೇ ಮಾತಾಡಿ. ಬದುವಿನ ಪಕ್ಕ ಹೋಗುವ ದಾರಿಗೂ ನಡುಮಧ್ಯೆ ಸೀಳುವ ದಾರಿಗೂ ಅಜಗಜಾಂತರ. ನಡುವೆ ಹೋದರೆ ಇದೇ ಹೊಲ 60 ಅಡಿ ಅಗಲದ ಎರಡು ಪಟ್ಟಿಯಾಗುತ್ತದೆ. ಅಡ್ಡ ಉಳುಮೆಗೆ ಟ್ರ್ಯಾಕ್ಟರ್ ತಿರುಗಿಸುವ ಜಾಗವೇ ಬೆಳೆಯ ಜಾಗವನ್ನು ನುಂಗುತ್ತದೆ, ನೀರಿನ ಪೈಪು ದಾರಿಯನ್ನು ದಾಟಲೇಬೇಕಾಗುತ್ತದೆ. ದಾಟುವ ಕಡೆ ಪಿವಿಸಿ ಪೈಪನ್ನು ಬರಿದೇ ಹೂತರೆ ಲೋಡು ತುಂಬಿದ ಟ್ರೈಲರ್ ಕೆಳಗೆ ಜಾಯಿಂಟ್ ಬಿಡುತ್ತದೆ. ದಪ್ಪನೆಯ ದೊಡ್ಡ ಪೈಪಿನೊಳಗೆ ತೂರಿಸಿ, ಎರಡೂವರೆ ಮೂರು ಅಡಿ ಆಳದಲ್ಲಿ ಹಾಕಿ.

ಈಗ ಬರವಣಿಗೆ. ಕ್ರಯಪತ್ರದಲ್ಲಿ 'ರೂಢಿಯಂತೆ ದಾರಿ ಇದೆ' ಎಂಬ ಒಂದು ಸಾಲು ಬರೆಸುವುದಕ್ಕಿಂತ ಕೆಟ್ಟದ್ದು ಇನ್ನಿಲ್ಲ, ಅಗಲವೂ ಇಲ್ಲ, ಗೆರೆಯೂ ಇಲ್ಲ. ಪಕ್ಕದವರನ್ನೂ ಸೇರಿಸಿಕೊಂಡು ಪ್ರತ್ಯೇಕ ದಾರಿ ಹಕ್ಕಿನ ಪತ್ರ ಬರೆದು ನೋಂದಣಿ ಮಾಡಿಸಿ. ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ, ಎಷ್ಟು ಅಡಿ ಅಗಲ, ಸರ್ವೆ ನಂಬರಿನ ಯಾವ ಹಿಸ್ಸಾಕ್ಕೆ (ತುಂಡಿಗೆ), ಬೇಸಾಯಕ್ಕೆ ಮಾತ್ರವೋ ಮನೆಗೂ ಸೇರಿಯೋ, ಗೇಟು ಹಾಕಿದರೆ ಬೀಗದ ಕೈ ಯಾರಲ್ಲಿ, ಜಲ್ಲಿ ಯಾರು ಹಾಕಬೇಕು, ಎಲ್ಲವೂ ಇರಲಿ. ಸರ್ವೇಯರ್ ಅಳೆದ ಸ್ಕೆಚ್ಚು ಲಗತ್ತಿಸಿ. ಹಿಂದಿನ ಹೊಲ ಜಂಟಿ ಖಾತೆಯಲ್ಲಿದ್ದರೆ ಹಿರಿಯ ಮಗನೊಬ್ಬನ ಸಹಿ ಸಾಲದು. ಅಕ್ಕತಂಗಿಯರೂ ಸೇರಿ ಹಕ್ಕುದಾರರೆಲ್ಲ ಸಹಿ ಹಾಕಬೇಕು. ಬಹಳ ಪತ್ರಗಳು ಕೆಡುವುದು ಇಲ್ಲೇ.

ಕೊಂಡ ಮೇಲೆ ನಿಮಗೂ ರಕ್ಷಣೆ ಇದೆ. ದಾರಿ ಹಕ್ಕು ಇರುವವರು ತಮ್ಮಿಷ್ಟದಂತೆ ಗೆರೆ ಬದಲಿಸುವಂತಿಲ್ಲ. ರಿಪೇರಿ ಖರ್ಚು ಅವರದೇ (ಈಸ್‌ಮೆಂಟ್ ಕಾಯ್ದೆಯ 25ನೇ ಕಲಮು). ಎತ್ತಿನಗಾಡಿ, ಟ್ರ್ಯಾಕ್ಟರ್ ಓಡಾಡಲು ಬಂದ ಹಕ್ಕನ್ನು ಹಿಡಿದು ಹಿಂದಿನ ಹೊಲವನ್ನು ಲೇಔಟ್ ಮಾಡಿ ದಿನವಿಡೀ ಲಾರಿ ಓಡಿಸಿದರೆ, ಹೊರೆ ಗಣನೀಯವಾಗಿ ಹೆಚ್ಚಿಸಬಾರದು ಎನ್ನುವ 29ನೇ ಕಲಮು ನಿಮ್ಮ ಕಡೆಗಿದೆ. ಓಡಾಡುವ ಹಕ್ಕಿನ ಜೊತೆಗೆ ಪೈಪು ಹೂಳುವ, ಕರೆಂಟು ಕಂಬ ನೆಡುವ ಹಕ್ಕು ತಾನಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿ ಬರೆಸಿಕೊಳ್ಳಬೇಕು.

ನೀವು ಮಾಡಬಾರದ್ದು ಒಂದೇ, ಜೆಸಿಬಿ ತಂದು ಟ್ರೆಂಚ್ ಹೊಡೆಸುವುದು. ಕೊಯ್ಲಾದ ಬೆಳೆ ಹೊಲದಲ್ಲೇ ನಿಂತು ನೆನೆಯುವುದನ್ನು ನೋಡಿದ ರೈತ ಸುಮ್ಮನಿರುವುದಿಲ್ಲ, ಇರಬೇಕಾದ್ದೂ ಇಲ್ಲ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 166ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ದಾರಿ ತೆರೆಸಲು ಆದೇಶಿಸಬಹುದು. ವರ್ಷವಿಡೀ ಬಳಸುವ ದಾರಿಯಾದರೆ ದೂರಿಗೆ ಹಿಂದಿನ 3 ತಿಂಗಳೊಳಗೆ, ಹಂಗಾಮಿನ ದಾರಿಯಾದರೆ ಕಳೆದ ಹಂಗಾಮಿನಲ್ಲಿ ಬಳಸಿದ್ದರೆ ಸಾಕು. ಸಿವಿಲ್ ದಾವೆ ಅದರ ಮೇಲೆ ಬೇರೆ.

ನಡುವಿನ ದಾರಿಯನ್ನು ಬದುವಿನ ಪಕ್ಕಕ್ಕೆ ಸರಿಸಬೇಕೆಂದಿದ್ದರೆ ಒಪ್ಪಿಸುವ ಉಪಾಯ ಸುಲಭ: ಹಳೆಯದಕ್ಕಿಂತ ಒಳ್ಳೆಯ ದಾರಿ ಕೊಡಿ. ಹಳೆಯದು 8 ಅಡಿ ಇದ್ದರೆ ಹೊಸದಕ್ಕೆ 12 ಬಿಡಿ, ಮೂಲೆಯಲ್ಲಿ ಟ್ರೈಲರ್ ತಿರುಗುವಷ್ಟು ಇನ್ನೂ ಅಗಲ ಮಾಡಿ, ಎರೆಮಣ್ಣಾದರೆ ಗ್ರಾವೆಲ್ ಹಾಕಿಸಿ, ನೀರು ಹರಿಯುವ ಕಡೆ ಮೋರಿ ಕಟ್ಟಿಸಿ. ಹಳೆ ದಾರಿ ಬಿಟ್ಟುಕೊಟ್ಟು ಹೊಸದನ್ನು ಒಪ್ಪಿದ ಪತ್ರ ನೋಂದಣಿಯಾದರೂ ಹಳೆಯದನ್ನು ಆಗಲೇ ಉಳಬೇಡಿ. ಒಂದು ಮಳೆಗಾಲ ಹೊಸ ದಾರಿಯಲ್ಲಿ ತುಂಬಿದ ಟ್ರೈಲರ್ ಹೂತುಕೊಳ್ಳದೆ ಹೋಗಿಬರಲಿ, ಆಮೇಲೆ ನೇಗಿಲು ಇಳಿಸಿ.