ಸೇಮ್ ಟು ಸೇಮ್

ಬೈಕಿನಲ್ಲಿ ಹೊಗಳಿಸಿಕೊಳ್ಳುವ ಭಾಗಗಳೇ ಬೇರೆ. ಇಂಜಿನ್ನಿಗೆ ಸಿಸಿಯ ಮರ್ಯಾದೆ, ಟ್ಯಾಂಕಿಗೆ ಬಣ್ಣದ ಮರ್ಯಾದೆ, ಸೈಲೆನ್ಸರಿಗಂತೂ ಬೀದಿಯ ಆ ತುದಿಯಿಂದಲೇ ಮರ್ಯಾದೆ. ಬ್ರೇಕ್ ಪ್ಯಾಡನ್ನು ಹೊಗಳಿದವರನ್ನು ನಾನು ಈವರೆಗೆ ಕಂಡಿಲ್ಲ. ಗಾಡಿ ಓಡಬೇಕಾದರೆ ಅಷ್ಟೆಲ್ಲ ಸರಂಜಾಮು ಬೇಕು, ನಿಲ್ಲಬೇಕಾದರೆ ಕೊನೆಗೆ ಅಂಗೈಯಲ್ಲಿ ಹಿಡಿಯುವ ಎರಡು ತುಣುಕು ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಕಚ್ಚಬೇಕು. ಒಂದು ಉಕ್ಕಿನ ತಗಡು, ಅದರ ಮೇಲೆ ಅಂಟಿಸಿದ ಕಪ್ಪನೆಯ ಗಟ್ಟಿ ಪದಾರ್ಥ. ಸವೆಯುವುದೇ ಅದರ ಉದ್ಯೋಗ.

ಇಷ್ಟು ಸಣ್ಣ ವಸ್ತುವನ್ನು ಬದಲಾಯಿಸುವುದರಲ್ಲಿ ಏನು ಮಹಾ ಎಂದುಕೊಂಡು ಅಂಗಡಿಗೆ ಹೋದರೆ ಅಲ್ಲಿ ಶುರುವಾಗುತ್ತದೆ ನಿಜವಾದ ಕತೆ. ಬೈಕಿನ ಹೆಸರು ಹೇಳುತ್ತೀರಿ. ಕೌಂಟರಿನ ಹುಡುಗ ಕಪಾಟಿನಿಂದ ಒಂದು ಪ್ಯಾಕೆಟ್ ಎಳೆದು ಮುಂದಿಡುತ್ತಾನೆ. ‘ಇದು ನನ್ನ ಗಾಡಿಗೇ ತಾನೇ?’ ಎಂದರೆ ‘ಸೇಮ್ ಟು ಸೇಮ್ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ’ ಅನ್ನುತ್ತಾನೆ. ಬ್ರೇಕಿನ ಸಾಮಾನನ್ನು ಕಣ್ಣು ಮುಚ್ಚಿಕೊಂಡು ಹಾಕುವಷ್ಟು ಧೈರ್ಯ ನನಗಂತೂ ಇಲ್ಲ.

ಹುಡುಗನದೂ ತಪ್ಪಲ್ಲ. ಬೈಕಿನ ಹೆಸರು ಒಂದೇ ಇದ್ದರೂ ಇಸವಿ ಬದಲಾದ ಹಾಗೆ ಕಂಪನಿಯವರು ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಇಕ್ಕಳ, ಬದಲಾಯಿಸಿರುತ್ತಾರೆ. ಚಕ್ರ ಲಾಕಾಗದಂತೆ ತಡೆಯುವ ಎಬಿಎಸ್ ಇರುವುದಕ್ಕೊಂದು, ಇಲ್ಲದ್ದಕ್ಕೊಂದು ಇರಬಹುದು. ಮುಂದಿನ ಚಕ್ರದ್ದು ಸಾಮಾನ್ಯವಾಗಿ ಹಿಂದಿನದಕ್ಕೆ ಬಾರದು. ಎಷ್ಟೋ ಕ್ಯಾಲಿಪರುಗಳಲ್ಲಿ ಒಳಗಿನ ಪ್ಯಾಡಿಗೂ ಹೊರಗಿನ ಪ್ಯಾಡಿಗೂ ಆಕಾರ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಹೊರಟರೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕಿದ ಹಾಗೆ. ಇನ್ನೊಂದು ವಿಚಿತ್ರವೂ ಉಂಟು. ಯಾವುದೋ ಬೇರೆ ಕಂಪನಿಯ, ಬೇರೆ ಜಾತಿಯ ಬೈಕಿನಲ್ಲಿ ಅದೇ ಕ್ಯಾಲಿಪರ್ ಇದ್ದರೆ ಅದರ ಪ್ಯಾಡು ನಿಮ್ಮದರಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಪ್ಯಾಡಿಗೆ ಕ್ಯಾಲಿಪರಿನ ಗುರುತಷ್ಟೇ ಗೊತ್ತು. ಟ್ಯಾಂಕಿನ ಮೇಲೆ ಏನು ಬರೆದಿದೆ ಎಂಬುದು ಅದಕ್ಕೆ ಬೇಡ.

ಹಾಗಾಗಿ ಹಳೆಯ ಪ್ಯಾಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುವುದೇ ಮೇಲು. ಪಾರ್ಟ್ ನಂಬರ್ ಗೊತ್ತಿದ್ದರೆ ಒಳ್ಳೆಯದೇ, ಆದರೂ ಸವೆದ ಪ್ಯಾಡಿನಷ್ಟು ನಂಬಿಕಸ್ಥ ಸಾಕ್ಷಿ ಇನ್ನೊಂದಿಲ್ಲ. ಹಳೆಯದರ ಮೇಲೆ ಹೊಸದನ್ನು ಒಂದೇ ದಿಕ್ಕಿಗೆ ಮುಖಮಾಡಿ ಇಟ್ಟು ಬೆಳಕಿಗೆ ಹಿಡಿಯಬೇಕು. ಪ್ಯಾಡನ್ನು ಹಿಡಿದಿಡುವ ಪಿನ್ನಿನ ತೂತುಗಳು ಒಂದರ ಹಿಂದೊಂದು ನಿಂತು ಆಚೆಯ ಬೆಳಕು ದುಂಡಗೆ ಕಾಣಬೇಕು. ಚಂದ್ರನಿಗೆ ಗ್ರಹಣ ಹಿಡಿದಂತೆ ಒಂದು ಪಕ್ಕ ಕತ್ತರಿಸಿದ್ದರೆ ಆ ಪ್ಯಾಕೆಟ್ಟನ್ನು ವಾಪಸು ಕೊಡಬೇಕು. ಆಮೇಲೆ ಕಿವಿಗಳು, ಅಂದರೆ ತಗಡಿನ ತುದಿಯಲ್ಲಿ ಚಾಚಿಕೊಂಡಿರುವ ಮೂಲೆಗಳು, ಅವುಗಳ ಅಗಲ. ಆಮೇಲೆ ತಗಡಿನ ದಪ್ಪ. ಕಪ್ಪು ಪದಾರ್ಥದ ದಪ್ಪವನ್ನು ಹೋಲಿಸಿ ಪ್ರಯೋಜನವಿಲ್ಲ, ಹಳೆಯದು ಸವೆದಿದೆಯಲ್ಲ.

ಒಂದು ಮಿಲಿಮೀಟರಿನಲ್ಲಿ ಏನಾಗುತ್ತದೆ ಅನ್ನುವವರಿದ್ದಾರೆ. ಒಟ್ಟು ದಪ್ಪ ಹೆಚ್ಚಾದರೆ ಕ್ಯಾಲಿಪರಿನೊಳಗೆ ಪ್ಯಾಡನ್ನು ದೂಡುವ ಪಿಸ್ಟನ್ನನ್ನು ಪೂರ್ತಿ ಒಳಗೆ ತಳ್ಳಿದರೂ ಎರಡು ಪ್ಯಾಡುಗಳ ನಡುವೆ ಡಿಸ್ಕು ತೂರುವುದಿಲ್ಲ. ಕಿವಿ ಅಗಲವಾದರೆ ಪ್ಯಾಡು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಲಿವರ್ ಬಿಟ್ಟರೂ ಡಿಸ್ಕನ್ನು ಬಿಡುವುದಿಲ್ಲ. ಉಜ್ಜಿ ಉಜ್ಜಿ ಡಿಸ್ಕು ಕಾಯುತ್ತದೆ. ಕಿರಿದಾದರೆ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಟಕ್ ಎಂದು ಜಾಗ ಬದಲಾಯಿಸುತ್ತದೆ. ‘ಸ್ವಲ್ಪ ಅರದಲ್ಲಿ ಉಜ್ಜಿದರೆ ಕೂತುಕೊಳ್ಳುತ್ತೆ ಬಿಡಿ’ ಎಂಬ ಸಲಹೆಯೂ ಸಿಗುತ್ತದೆ. ಕಿವಿಯ ಅಂಚಿಗೆ ದಪ್ಪವಾಗಿ ಮೆತ್ತಿಕೊಂಡ ಬಣ್ಣವನ್ನು ಉಜ್ಜಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಪಿನ್ನಿನ ತೂತನ್ನೇ ಅಗಲ ಮಾಡುವ ಪ್ರತಿಭೆಗೆ ಮಾತ್ರ ದೂರದಿಂದಲೇ ನಮಸ್ಕಾರ.

ಆಕಾರ ಕೂಡಿಬಂತು ಎನ್ನುವಷ್ಟರಲ್ಲಿ ಜಾತಿಯ ಪ್ರಶ್ನೆ ಏಳುತ್ತದೆ: ಆರ್ಗ್ಯಾನಿಕ್ ಬೇಕೋ, ಸಿಂಟರ್ಡ್ ಬೇಕೋ? ಆರ್ಗ್ಯಾನಿಕ್ ಎಂದರೆ ನಾರು ಮತ್ತು ಪುಡಿಗಳನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ್ದು. ಡಿಸ್ಕಿನ ಮೇಲೆ ಕರುಣೆಯುಳ್ಳದ್ದು, ಸದ್ದು ಕಡಿಮೆ, ಆದರೆ ಬೇಗ ಸವೆಯುತ್ತದೆ. ಸಿಂಟರ್ಡ್ ಎಂದರೆ ಲೋಹದ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆದದ್ದು. ಮಳೆಗೂ ಬಿಸಿಗೂ ಜಗ್ಗುವುದಿಲ್ಲ, ಡಿಸ್ಕಿನ ಬಗ್ಗೆ ಅಷ್ಟು ದಾಕ್ಷಿಣ್ಯವೂ ಇಲ್ಲ. ಕೆಲವು ಪ್ಯಾಡುಗಳ ಬೆನ್ನ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಎಫ್‌ಎಫ್, ಜಿಜಿ, ಎಚ್‌ಎಚ್. ಮೊದಲನೆಯದು ತಣ್ಣಗಿರುವಾಗಿನ ಹಿಡಿತ, ಎರಡನೆಯದು ಕಾದಾಗಿನದು. ಎಫ್ ಎಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಎಂದರೆ 0.55ರವರೆಗೆ, ಎಚ್ ಅದಕ್ಕೂ ಮೇಲೆ. ಇದು ಪರೀಕ್ಷೆಯ ಗ್ರೇಡ್ ಅಲ್ಲ, ದೊಡ್ಡದನ್ನೇ ತರಬೇಕೆಂಬ ಹಟ ಬೇಡ. ಸಿಂಟರ್ಡ್ ಪ್ಯಾಡಿಗೆಂದು ಮಾಡಿರದ ಡಿಸ್ಕಿಗೆ ಅದನ್ನು ಒತ್ತಿದರೆ ಪ್ಯಾಡು ಉಳಿದು ಡಿಸ್ಕು ಸವೆಯುತ್ತದೆ, ಬದಲಾಯಿಸಲು ಪ್ಯಾಡಿಗಿಂತ ಡಿಸ್ಕೇ ದುಬಾರಿ.

ಸವೆದದ್ದು ಗೊತ್ತಾಗುವ ಬಗೆಯೂ ಸ್ವಲ್ಪ ಮೋಸದ್ದೇ. ಪ್ಯಾಡಿನ ಮೈಮೇಲೆ ಕೊರೆದ ಗೀರು ಅಳಿಯದೆ ಕಾಣುತ್ತಿರುವವರೆಗೆ ಆಯಸ್ಸು ಇದೆ ಎಂದು ಲೆಕ್ಕ. ಕೂತು, ಬಗ್ಗಿ, ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಹೆಚ್ಚಾಗಿ ಒಂದೇ ಪ್ಯಾಡು. ಕ್ಯಾಲಿಪರ್ ಜಾರುವ ಪಿನ್ನಿನಲ್ಲಿ ಗ್ರೀಸ್ ಒಣಗಿದ್ದರೆ ಪಿಸ್ಟನ್ನಿನ ಕಡೆಯದೊಂದೇ ದುಡಿದು ತಗಡಿನ ಮಟ್ಟಕ್ಕೆ ಬಂದಿರುತ್ತದೆ, ಇನ್ನೊಂದು ಗುಂಡುಗುಂಡಗೆ ಆರಾಮಾಗಿರುತ್ತದೆ. ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರೆ ನಡೆಯುವುದೂ ಇದೇ, ಹೋಗಲಿ ಬಿಡಿ. ಹೀಗೆ ಒಂದು ಹೆಚ್ಚು ಒಂದು ಕಡಿಮೆ ಸವೆದಿದ್ದರೆ ಹೊಸ ಪ್ಯಾಡು ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆ ಪಿನ್ನನ್ನು ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಸವರಬೇಕು. ಒಳಗಿನ ಧೂಳನ್ನು ಬಾಯಿಂದ ಉಫ್ ಎಂದು ಊದುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಹಿಂದೆ ಈ ಪ್ಯಾಡುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಅದಿಲ್ಲದ ಪ್ಯಾಡಿನ ಧೂಳೂ ಮೂಗಿಗೆ ಒಳ್ಳೆಯದೇನಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಕಿರುಚಾಟ. 1902ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅದರ ಪ್ಯಾಡಿಗೆ ತಾಮ್ರ ಹಾಕಿದ್ದನಂತೆ, ಲೋಹಕ್ಕೆ ಲೋಹ ಉಜ್ಜಿ ಅದು ಕಿರುಚುತ್ತಿತ್ತಂತೆ. ಡಿಸ್ಕು ಮಾಮೂಲು ಬೈಕಿಗೆ ಇಳಿದು ಬರಲು ದಶಕಗಳೇ ಹಿಡಿದವು. 1969ರ ಹೋಂಡಾ ಸಿಬಿ 750ರ ಮುಂದಿನ ಚಕ್ರದಲ್ಲಿ ಅದು ಬಂದಮೇಲೆ ಉಳಿದವರೂ ಹಿಂದೆ ಬಿದ್ದರು. ಪ್ಯಾಡು ತಗಡಿನವರೆಗೆ ಸವೆದು ಡಿಸ್ಕಿಗೆ ಕಬ್ಬಿಣ ತಾಗಿದ ದಿನ ಲ್ಯಾಂಚೆಸ್ಟರನ ಅಕ್ಕಪಕ್ಕದವರು ಏನು ಕೇಳಿಸಿಕೊಂಡಿರಬಹುದು ಎಂಬುದು ನಮಗೂ ತಿಳಿಯುತ್ತದೆ.

ಹಾಕುವ ಕೆಲಸ ಹೇಳುವಷ್ಟು ಕಷ್ಟದ್ದಲ್ಲ. ಹೊಸ ಪ್ಯಾಡು ದಪ್ಪ, ಹಾಗಾಗಿ ಹೊರಗೆ ಬಂದಿದ್ದ ಪಿಸ್ಟನ್ನನ್ನು ಒರೆಸಿ ಒಳಗೆ ತಳ್ಳಬೇಕು. ತಳ್ಳಿದಷ್ಟೂ ಮೇಲೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಪ್ಯಾಡು ಸವೆದು ಮಟ್ಟ ಇಳಿದಾಗ ಯಾರೋ ಪುಣ್ಯಾತ್ಮರು ಕಂಠಮಟ್ಟ ತುಂಬಿಸಿದ್ದರೆ ಈಗ ಉಕ್ಕುತ್ತದೆ, ಟ್ಯಾಂಕಿನ ಬಣ್ಣವನ್ನು ತಿನ್ನುತ್ತದೆ. ಹೊಗಳಿಕೆಯೆಲ್ಲ ಯಾವುದಕ್ಕೆ ಹೋಗುತ್ತಿತ್ತೋ ಅದಕ್ಕೇ.

ಪಿನ್ನು ಹಾಕಿ, ಬೋಲ್ಟ್ ಬಿಗಿಮಾಡಿ, ಉತ್ಸಾಹದಿಂದ ಲಿವರ್ ಹಿಡಿದರೆ ಅದು ಸುಮ್ಮನೆ ಹ್ಯಾಂಡಲ್ ತನಕ ಬಂದುಬಿಡುತ್ತದೆ. ಬ್ರೇಕೇ ಇಲ್ಲ! ಗೊತ್ತಿದ್ದವರಿಗೂ ಆ ಕ್ಷಣ ಎದೆ ಧಸಕ್ ಅನ್ನುತ್ತದೆ. ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡಿನ ಬಳಿಗೆ ಬಂದಿಲ್ಲ, ಅಷ್ಟೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದರೆ ಲಿವರ್ ನಿಧಾನಕ್ಕೆ ಗಟ್ಟಿಯಾಗುತ್ತದೆ. ಗಾಡಿಯನ್ನು ಒಂದು ಅಂಗುಲ ಉರುಳಿಸುವ ಮೊದಲೇ ಇದು ಆಗಬೇಕು. ಡಬ್ಬಿಯಲ್ಲಿ ಮಟ್ಟ ನೋಡಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ.

ಇಷ್ಟಾದರೂ ಹೊಸ ಪ್ಯಾಡು ಮೊದಲ ದಿನವೇ ಪೂರ್ತಿ ಕಚ್ಚುವುದಿಲ್ಲ. ಹಳೆಯ ಡಿಸ್ಕಿನ ಗೀರುಗಳಿಗೆ ಅದರ ಮೈ ಹೊಂದಿಕೊಳ್ಳುವವರೆಗೆ ಮೆತ್ತಗೆ, ದೂರದಿಂದಲೇ ಹಿಡಿಯುತ್ತಾ ಹೋಗಬೇಕು. ಆ ದಿನವೇ ಪಕ್ಕದ ಮನೆಯವರು ‘ಪ್ಯಾಡು ಹೊಸದು ಹಾಕಿಸಿದಿರಂತೆ, ಒಂದು ರೌಂಡ್ ನೋಡಲಾ?’ ಎಂದು ಕೀ ಕೇಳುತ್ತಾರೆ. ‘ನೆಂಟರ ಮನೆಗೆ ಹೊರಟಿದ್ದೀನಿ, ನಾಡಿದ್ದು ತಗೊಳ್ಳಿ’ ಎಂದು ಹೇಳಿ, ಹೇಳಿದ ತಪ್ಪಿಗೆ ನಿಜವಾಗಿಯೂ ಹೊರಟುಬಿಡುವುದು.