ರಾತ್ರಿ ಎಂಟೂವರೆಗೆ ಕೈಗೆ ಸಿಗುವ ಡಬ್ಬಿ

ಹೋದ ತಿಂಗಳು ಅಕ್ಕ ಬಂದಿದ್ದಳು. ಕಾಫಿ ಪುಡಿ ಹುಡುಕುತ್ತಾ ಅಡುಗೆಮನೆಯ ಕಪಾಟಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು.

"ಏನೋ ಇದು? ಅಂಗಡಿ ಇಟ್ಟಿದ್ದೀಯಾ?"

ಚಿಯಾ ಬೀಜ, ಕ್ವಿನೋವಾ, ಅಗಸೆ ಪುಡಿ, ಎರಡು ಥರದ ಓಟ್ಸ್, ಹೆಸರೇ ಮರೆತುಹೋದ ಒಂದು ಹಸಿರು ಪುಡಿ, 'ಮಲ್ಟಿಗ್ರೇನ್' ಅಂತ ದೊಡ್ಡದಾಗಿ ಬರೆದ ಬಿಸ್ಕತ್ತು. ಎಲ್ಲ ಪ್ಯಾಕೆಟ್ಟಿನ ಬಾಯಿಗೂ ಬಟ್ಟೆ ಒಣಗಿಸುವ ಕ್ಲಿಪ್ಪು. ಬಿಸ್ಕತ್ತು ಬಿಟ್ಟರೆ ಉಳಿದದ್ದೆಲ್ಲ ಮುಕ್ಕಾಲು ಪಾಲು ಹಾಗೇ ಇತ್ತು. ಅಕ್ಕ ಅಗಸೆ ಪುಡಿಯ ಡಬ್ಬಿ ತೆಗೆದು ಮೂಸಿದಳು. ಮುಖ ಕಿವುಚಿ, ಏನೂ ಹೇಳದೆ ನನ್ನ ಕೈಗಿಟ್ಟಳು. ಹಳೇ ಪೇಂಟ್ ಡಬ್ಬಿಯ ವಾಸನೆ.

ಆಮೇಲೆ ಯೋಚಿಸಿದರೆ, ವಾಸನೆ ಹಾಗಿದ್ದದ್ದು ಸರಿಯಾಗೇ ಇತ್ತು. ಚಿತ್ರ ಬರೆಯುವವರು ಬಣ್ಣಕ್ಕೆ ಬೆರೆಸುವ ಲಿನ್‌ಸೀಡ್ ಎಣ್ಣೆ ಅಂದರೆ ಅಗಸೆ ಎಣ್ಣೆಯೇ ಅಲ್ವಾ. ಗಾಳಿ ತಾಗಿದರೆ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದು ಅದರ ಗುಣ. ಬಣ್ಣ ಒಣಗಲು ಅದೇ ಬೇಕು. ತಿನ್ನುವವರಿಗೆ ಮಾತ್ರ ಅದು ಕಮಟು. ಇಡೀ ಬೀಜಕ್ಕೆ ಸಿಪ್ಪೆಯ ಕಾವಲಿರುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಪುಡಿ ಮಾಡಿದಿರೋ, ಗಾಳಿ, ಬೆಳಕು, ಬಿಸಿ ಮೂರೂ ಸೇರಿ ಕೆಲಸ ಶುರುಮಾಡುತ್ತವೆ. ನಾನು ಅದನ್ನು ಒಲೆಯ ಪಕ್ಕದ ಕಪಾಟಿನಲ್ಲಿ, ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ, ಒಂದು ವರ್ಷ ಇಟ್ಟಿದ್ದೆ. ಇನ್ನೇನಾಗಬೇಕು?

ಅವತ್ತೇ ನನಗೆ ಹೊಳೆದದ್ದು. ಆ ಕಪಾಟನ್ನು ನಾನು ತುಂಬಿಸಿದ್ದು ಭಾನುವಾರ ಬೆಳಗಿನ ನನಗಾಗಿ. ಚೆನ್ನಾಗಿ ನಿದ್ದೆ ಮಾಡಿ ಎದ್ದವನು, ಪುರುಸೊತ್ತಿದ್ದವನು, ಇನ್ಮೇಲೆ ಸರಿಯಾಗಿ ಊಟ ಮಾಡ್ತೀನಿ ಅಂತ ಉಮೇದಿನಲ್ಲಿದ್ದವನು. ಆದರೆ ಕಪಾಟು ತೆಗೆಯುವವನು ಬೇರೆ. ರಾತ್ರಿ ಎಂಟೂವರೆಗೆ ಬಂದು, ಬ್ಯಾಗ್ ಇಳಿಸುವ ಮೊದಲೇ "ಏನಿದೆ ತಿನ್ನೋಕೆ" ಅಂತ ಕೈ ಹಾಕುವವನು. ಅವನ ಕಣ್ಣಿಗೆ ಕ್ವಿನೋವಾ ಬೀಳುವುದಿಲ್ಲ. ಬಿಸ್ಕತ್ತು ಬೀಳುತ್ತದೆ. ಆರೋಗ್ಯದ ಊಟದ ಬಗ್ಗೆ ಉಪದೇಶ ಮಾಡುವವರು ಬಹಳಷ್ಟು ಜನ ಮಾತಾಡುವುದು ಆ ಭಾನುವಾರದವನ ಜೊತೆ. ದಿನಸಿ ತರಬೇಕಾದ್ದು ಎಂಟೂವರೆಯವನಿಗೆ.

ಅವನಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಅಂತ ಬೈದು ಪ್ರಯೋಜನವೂ ಇಲ್ಲ. 2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 20 ಜನರನ್ನು ಒಂದು ತಿಂಗಳು ಅಲ್ಲೇ ಇರಿಸಿಕೊಂಡು ಊಟ ಹಾಕಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಆಹಾರ, ಎರಡು ವಾರ ಸಾದಾ ಪದಾರ್ಥಗಳಿಂದ ಮಾಡಿದ ಅಡುಗೆ. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲ ಹೆಚ್ಚುಕಡಿಮೆ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ ಆಹಾರದ ವಾರಗಳಲ್ಲಿ ಅವರೆಲ್ಲ ದಿನಕ್ಕೆ ಸರಾಸರಿ 500 ಕ್ಯಾಲೊರಿ ಜಾಸ್ತಿ ತಿಂದರು, ಅದೂ ಬೇಗ ಬೇಗ. ಸುಮಾರು 900 ಗ್ರಾಂ ತೂಕ ಏರಿತು. ಸಾದಾ ಅಡುಗೆಯ ಎರಡು ವಾರದಲ್ಲಿ ಅಷ್ಟೇ ಇಳಿಯಿತು. ಇಪ್ಪತ್ತೇ ಜನರ ಪ್ರಯೋಗ, ನಿಜ. ಆದರೂ ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಎದುರಿಗೆ ಏನಿದೆ ಅನ್ನುವುದು ನನ್ನ ಮನಸ್ಸು ಎಷ್ಟು ಗಟ್ಟಿ ಅನ್ನುವುದಕ್ಕಿಂತ ದೊಡ್ಡದು.

ಹಾಗಾಗಿ ಈಗ ಕಪಾಟಿನಲ್ಲಿ ಕಣ್ಣಿನ ಮಟ್ಟಕ್ಕೆ ಇರುವುದು ಬೇಳೆ, ಕಾಳು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಉಳಿದದ್ದೆಲ್ಲ ತಪ್ಪಿದರೂ ಇದೊಂದು ಸರಿಯಾದರೆ ಮುಕ್ಕಾಲು ಕೆಲಸ ಆದ ಹಾಗೆ. ಒಣ ಬೇಳೆಯ 100 ಗ್ರಾಂನಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ನಾರೂ ಇದೆ. ಅಗ್ಗ. ಒಂದು ವರ್ಷ ಇಟ್ಟರೂ ಕೆಡುವುದಿಲ್ಲ. ತೊಂದರೆ ಒಂದೇ, ಎಂಟೂವರೆಗೆ ಹಸಿವಾದವನಿಗೆ ನೆನೆಹಾಕಿದ ಕಾಳು ಬೇಕು, ಒಣಗಿದ್ದಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ. ವಾರಕ್ಕೊಮ್ಮೆ ಒಂದು ದೊಡ್ಡ ಪಾತ್ರೆ ಕಡಲೆಕಾಳು ನೆನೆಹಾಕಿ, ಬೇಯಿಸಿ, ನೀರು ಬಸಿದು, ಒಂದೊಂದು ಊಟಕ್ಕಾಗುವಷ್ಟು ಫ್ರೀಜರ್‌ಗೆ. ಚಪ್ಪಟೆಯಾಗಿ ಹರಡಿ ಇಟ್ಟರೆ ಹತ್ತು ನಿಮಿಷದಲ್ಲಿ ಬಿಡಿಯಾಗುತ್ತದೆ. ಉಂಡೆ ಮಾಡಿ ಇಟ್ಟರೆ ಕಲ್ಲು. ಅದೂ ಮರೆತ ದಿನಕ್ಕೆ ಸಿಪ್ಪೆ ತೆಗೆದ ಮಸೂರು ಬೇಳೆ. ನೆನೆಸುವುದೇ ಬೇಡ, ಇಪ್ಪತ್ತು ನಿಮಿಷಕ್ಕೆ ಕರಗುತ್ತದೆ. ಡಬ್ಬಿಯಲ್ಲಿ ಬೇಯಿಸಿ ಬರುವ ಕಾಳನ್ನು ಕಂಡರೆ ಮೂಗು ಮುರಿಯಬೇಡಿ. ಒಳಗಿನ ನೀರು ಚೆಲ್ಲಿ ನಲ್ಲಿ ಕೆಳಗೆ ಚೆನ್ನಾಗಿ ತೊಳೆದರೆ ಉಪ್ಪು ಸಾಕಷ್ಟು ಹೋಗುತ್ತದೆ.

ಒಂದು ಎಚ್ಚರಿಕೆ, ಕೆಂಪು ರಾಜ್ಮಾ ಬಗ್ಗೆ. ಹಸಿ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ಒಂದು ಪ್ರೋಟೀನ್ ಇರುತ್ತದೆ. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ. ಕುಕ್ಕರ್‌ನಲ್ಲಿ ಬೇಯಿಸಿದರೆ ಚಿಂತೆಯಿಲ್ಲ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುವ ಎಲೆಕ್ಟ್ರಿಕ್ ಪಾತ್ರೆಗಳಿವೆಯಲ್ಲ, ಅದಕ್ಕೆ ಹಸಿ ರಾಜ್ಮಾ ಹಾಕಬೇಡಿ. ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಜಾಸ್ತಿ ತೊಂದರೆ ಕೊಡಬಹುದು.

ಇನ್ನು ಅಕ್ಕಿ, ಹಿಟ್ಟು. ಬಿಳಿ ಅಕ್ಕಿಯನ್ನು ಮನೆಯಿಂದ ಓಡಿಸಿ ಅನ್ನುವವರ ಪಂಗಡ ನನ್ನದಲ್ಲ. ತಟ್ಟೆಯಲ್ಲಿ ಅನ್ನ ಕಮ್ಮಿಯಾಗಿ ಕಾಳು, ತರಕಾರಿ ಜಾಸ್ತಿಯಾದರೆ ಅರ್ಧ ಜಗಳ ಮುಗಿಯಿತು. ಕಂದು ಅಕ್ಕಿ, ತೌಡು ಸಮೇತ ಬೀಸಿದ ಹಿಟ್ಟು ಒಳ್ಳೆಯದೇ. ಆದರೆ ಆ ತೌಡಿನಲ್ಲಿ, ಮೊಳಕೆಯ ಭಾಗದಲ್ಲಿ ಎಣ್ಣೆಯಿದೆ. ಅಗಸೆ ಪುಡಿಯ ಕಥೆಯೇ ಇಲ್ಲೂ. ಕಂದು ಅಕ್ಕಿ ಆರು ತಿಂಗಳಿಗೆ ಕಮಟು ಹಿಡಿಯಬಹುದು, ಬಿಳಿ ಅಕ್ಕಿ ವರ್ಷಗಟ್ಟಲೆ ಇರುತ್ತದೆ. ಆರೋಗ್ಯಕರವಾದದ್ದನ್ನು ಮೂಟೆಗಟ್ಟಲೆ ತರಬಾರದು ಅನ್ನುವುದು ಇದಕ್ಕೇ. ಬೀಜ, ಬಾದಾಮಿ, ವಾಲ್‌ನಟ್ಟೂ ಅಷ್ಟೇ. ನಾನೀಗ ಅವನ್ನು ಫ್ರಿಜ್‌ನಲ್ಲಿ ಇಡುತ್ತೇನೆ.

ಮೂಟೆ ಅಂದಾಗ ನೆನಪಾಯಿತು, ಹುಳು. ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಇಪ್ಪತ್ತು ಕಿಲೋ ಅಕ್ಕಿ ತಂದಿದ್ದೆ. ಒಂದು ದಿನ ಅಳೆಯಲು ಹೋದರೆ ಡಬ್ಬಿಯ ಗೋಡೆ ಮೇಲೆ ಕಪ್ಪು ಚುಕ್ಕಿಗಳು ನಡೆಯುತ್ತಿವೆ. ಮುಚ್ಚಳ ಬಿಗಿಯಾಗಿತ್ತು, ಎಲ್ಲಿಂದ ಬಂದವು ಅಂತ ತಲೆ ಕೆಡಿಸಿಕೊಂಡಿದ್ದೆ. ಬಂದಿರಲಿಲ್ಲ, ಅಲ್ಲೇ ಇದ್ದವು. ಹೆಣ್ಣು ಹುಳು ಕಾಳಿಗೆ ಸಣ್ಣ ತೂತು ಕೊರೆದು, ಮೊಟ್ಟೆಯಿಟ್ಟು, ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಸ್ವಚ್ಛವಾಗೇ ಕಾಣುತ್ತದೆ. ಮರಿ ಒಳಗೇ ತಿಂದು ಬೆಳೆದು ಹೊರಬರುತ್ತದೆ. ಈಗ ಸಣ್ಣ ಪ್ಯಾಕೆಟ್ ತಂದು, ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಡಬ್ಬಿಗೆ ಸುರಿಯುತ್ತೇನೆ. ಡಬ್ಬಿಗೆ ತಾರೀಖು ಬರೆದ ಟೇಪು. ಹಳೆಯದು ಮುಂದೆ, ಹೊಸದು ಹಿಂದೆ.

ಇನ್ನು ಆ ಬಿಸ್ಕತ್ತು. ಅಕ್ಕ ಹೋದ ಮೇಲೆ ಪ್ಯಾಕೆಟ್ ತಿರುಗಿಸಿ ಓದಿದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಮೊದಲು ಮೈದಾ. ಎರಡನೆಯದು ಸಕ್ಕರೆ. ಆ 'ಮಲ್ಟಿ' ಗ್ರೇನುಗಳೆಲ್ಲ ಕೊನೇ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದವು. ಸಕ್ಕರೆಗೆ ವೇಷಗಳೂ ಇವೆ. ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಅಂತ ಬಿಡಿಬಿಡಿಯಾಗಿ ಬರೆದರೆ ಒಂದೊಂದೂ ಕೆಳಗಿಳಿಯುತ್ತದೆ, ಸೇರಿಸಿದರೆ ಮೇಲಿರುತ್ತಿತ್ತು.

ಪಕ್ಕದಲ್ಲೇ ಒಂದು ಸೂಪ್ ಪ್ಯಾಕೆಟ್ ಇತ್ತು. ಒಂದು ಸರ್ವಿಂಗ್‌ಗೆ 800 ಮಿಲಿಗ್ರಾಂ ಸೋಡಿಯಂ. ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಕಂಡಿತು, ಪ್ಯಾಕೆಟ್‌ನಲ್ಲಿ ಎರಡು ಸರ್ವಿಂಗ್. ಪ್ಯಾಕೆಟ್ ಒಡೆದು ಅರ್ಧ ಸೂಪ್ ಕುಡಿದವರನ್ನು ನಾನು ನೋಡಿಲ್ಲ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಅಂದರೆ ಇಡೀ ಪ್ಯಾಕೆಟ್‌ಗೆ 4 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಹೆಚ್ಚುಕಡಿಮೆ ಒಂದು ಟೀ ಚಮಚ. ಊಟವಿನ್ನೂ ಶುರುವೇ ಆಗಿಲ್ಲ!

ಹಾಗಂತ ಎಲ್ಲ ಬಾಚಿ ಕಸದ ಬುಟ್ಟಿಗೆ ಹಾಕುವ ಕ್ರಾಂತಿ ಮಾಡಲಿಲ್ಲ. ಆ ಥರದ ವಿಡಿಯೋಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಇದ್ದದ್ದನ್ನು ತಿಂದು ಮುಗಿಸಿ, ಮತ್ತೆ ತರಲಿಲ್ಲ, ಅಷ್ಟೇ. 'ಬೆಸ್ಟ್ ಬಿಫೋರ್' ದಿನ ದಾಟಿದ ಓಟ್ಸ್ ವಿಷವಲ್ಲ. ಅದು ರುಚಿಯ ಗಡುವು. 'ಯೂಸ್ ಬೈ' ಅಂತಿದ್ದರೆ ಮಾತು ಬೇರೆ, ಅಲ್ಲಿ ಹಟ ಬೇಡ. ಚಾಕೊಲೇಟ್ ಒಂದು ಈಗಲೂ ಇದೆ, ಸ್ಟೂಲ್ ಹತ್ತಿದರೆ ಮಾತ್ರ ಸಿಗುವ ಜಾಗದಲ್ಲಿ. ಬೇಕೇ ಬೇಕು ಅನ್ನಿಸಿದ ದಿನ ಹತ್ತುತ್ತೇನೆ.

ಮೊನ್ನೆ ರಾತ್ರಿ ಬಂದಾಗ ಎಂಟು ನಲವತ್ತು. ಫ್ರೀಜರ್‌ನಿಂದ ಕಡಲೆಕಾಳಿನ ಪೊಟ್ಟಣ, ಒಂದು ಹಿಡಿ ಬಟಾಣಿ, ಒಂದು ಈರುಳ್ಳಿ, ಎರಡು ಟೊಮೆಟೊ, ನಿಂಬೆಹಣ್ಣು. ಪಕ್ಕಕ್ಕೆ ಕ್ವಿನೋವಾ, ಅದನ್ನೂ ಖಾಲಿ ಮಾಡಬೇಕಲ್ಲ. ಒಂಬತ್ತು ಗಂಟೆಗೆ ತಟ್ಟೆ ಹಿಡಿದು ಕೂತಾಗ ಅಕ್ಕನ ಫೋನು.

"ಆ ಕ್ವಿನೋವಾ ಏನು ಮಾಡಿದ್ಯೋ?"

"ತಿಂತಾ ಇದ್ದೀನಿ ಕಣೇ. ಯಾಕೋ ಕಹಿ."

"ತೊಳೆದ್ಯಾ?"

"ಅದನ್ನೂ ತೊಳೀಬೇಕಾ?"